ಟೆಕ್ಸಸ್‌ನಲ್ಲಿ ಕಂಡ ಅಸ್ತ್ರಾಖಾನ್

ಅಮೆರಿಕಕ್ಕೆ ಹೋಗಿ ಬಂದವನನ್ನು ನಮ್ಮ ಬೀದಿಯ ಜನ ಕೇಳುವ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರವಿಲ್ಲ. ನಾನು ನಯಾಗರ ನೋಡಲಿಲ್ಲ. ನ್ಯೂಯಾರ್ಕಿನ ಎತ್ತರದ ಕಟ್ಟಡಗಳನ್ನೂ ನೋಡಲಿಲ್ಲ. ಟೆಕ್ಸಸ್ ಎಂಬ ಒಂದೇ ರಾಜ್ಯದ ಮೂರು ಊರುಗಳಲ್ಲಿ ೨೦೧೪ರ ವಸಂತ ಕಾಲ ಕಳೆದು ಬಂದೆ. ಆ ಮೂರೂ ಕಡೆ ನನ್ನ ಕಣ್ಣ ಮುಂದೆ ಇದ್ದದ್ದು ಮಾತ್ರ ಅಲ್ಲಿಲ್ಲದ ಇನ್ನೊಂದು ಊರು. ಅದು ರಷ್ಯದಲ್ಲಿದೆ. ವೋಲ್ಗಾ ನದಿ ಲೆಕ್ಕವಿಲ್ಲದಷ್ಟು ಕವಲಾಗಿ ಕ್ಯಾಸ್ಪಿಯನ್ ಸಮುದ್ರವನ್ನು ಸೇರುವ ಕಡೆ ಇರುವ ಅಸ್ತ್ರಾಖಾನ್ ಎಂಬ ಬಂದರು. ನನ್ನ ತಂಗಿ ವಸುಧಾ ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ಆ ಊರಿನ ಚರಿತ್ರೆ ಬರೆಯುತ್ತಿದ್ದಳು. ಮೈಸೂರಿನ ಹುಡುಗಿ ಟೆಕ್ಸಸ್ಸಿನಲ್ಲಿ ಕೂತು ರಷ್ಯದ ಊರಿನ ಬಗ್ಗೆ ಯಾಕೆ ಬರೆಯಬೇಕು ಎಂದು ನಾನೂ ಕೇಳಿದ್ದೆ.

ನಾನು ಹೋದದ್ದು ಊರು ನೋಡಲು ಅಲ್ಲ. ವಸುವಿನ ಎರಡೂ ಕಿಡ್ನಿ ಸೋತಿದ್ದವು. ನನ್ನದೊಂದನ್ನು ಕೊಡಲು ಹೋದೆ. ಕೊಡದೆ ಬಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರು ಕೊನೆಯವರೆಗೂ ಏನಾದರೂ ಒಳ್ಳೆಯದಾಗುತ್ತದೆ ಎಂದು ಕಾಯುವುದು ಬೇಡ.

ನಾನು ಓದಿದ್ದು ಎಂಟನೆಯ ತರಗತಿಯವರೆಗೆ. ಮಂಡಿ ಮೊಹಲ್ಲಾದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು, ಹೆಚ್ಚಾಗಿ ಲಗ್ನಪತ್ರಿಕೆ ಅಚ್ಚು ಹಾಕುತ್ತೇವೆ. ಅಚ್ಚುಮೊಳೆ ಜೋಡಿಸುತ್ತಾ ಜೋಡಿಸುತ್ತಾ ನನಗೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಬಂತು. ನನ್ನ ತಮ್ಮ ಮಧು ನನ್ನ ಜೊತೆಗೇ ಪ್ರೆಸ್ಸಿನಲ್ಲಿದ್ದಾನೆ. ನಮ್ಮಿಬ್ಬರ ನಡುವಿನವಳು ವಸು.

ಆಸ್ಟಿನ್

ವಿಮಾನ ನಿಲ್ದಾಣಕ್ಕೆ ಅವಳೇ ಕಾರು ಓಡಿಸಿಕೊಂಡು ಬಂದಿದ್ದಳು. ಕಾಯಿಲೆಯವಳು ನನ್ನನ್ನು ಕರೆದೊಯ್ಯಲು ಬಂದಳಲ್ಲ ಎಂದು ಸಂಕೋಚವಾಯಿತು. ಇಲ್ಲಿ ಎಲ್ಲರೂ ಹೀಗೇ, ಆಪರೇಷನ್‌ಗೆ ಹೋಗುವವರೂ ಡ್ರೈವ್ ಮಾಡಿಕೊಂಡೇ ಹೋಗುತ್ತಾರೆ ಎಂದು ನಕ್ಕಳು. ತೆಳ್ಳಗಾಗಿದ್ದಳು. ಎಡಗೈಯಲ್ಲಿ ನರ ಹಗ್ಗದ ಹಾಗೆ ಉಬ್ಬಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲು ಅಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರಂತೆ. ಮುಟ್ಟಿ ನೋಡು ಎಂದಳು. ಮುಟ್ಟಿದರೆ ಚರ್ಮದ ಕೆಳಗೆ ಗುರ್ರ್ ಎಂದು ನಡುಗುತ್ತಿತ್ತು, ನಮ್ಮ ಪ್ರೆಸ್ಸಿನ ಟ್ರೆಡಲ್ ಮಷೀನಿನ ಮೋಟರು ನಡುಗುವ ಹಾಗೆ. ನಾನು ಬೇಗ ಕೈ ತೆಗೆದೆ.

ಆಸ್ಟಿನ್ನಿನಲ್ಲಿ ಕಾಲ್ನಡಿಗೆಯವನಿಗೆ ಮರ್ಯಾದೆ ಇಲ್ಲ ಎನ್ನಲಾರೆ, ಅನುಕಂಪ ಇದೆ. ಮೊದಲ ಬೆಳಿಗ್ಗೆ ಅಭ್ಯಾಸಬಲದಿಂದ ವಾಕಿಂಗ್ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ದೊಡ್ಡ ಟ್ರಕ್ಕಿನಂಥ ಕಾರು ಪಕ್ಕದಲ್ಲಿ ನಿಂತಿತು. ಕೆಂಪು ಮುಖದ ಗಂಡಸೊಬ್ಬ ನನ್ನ ಕಾರು ಎಲ್ಲಿ ಕೆಟ್ಟು ನಿಂತಿದೆ ಎಂದು ಕೇಳಿದ. ಕಾರಿಲ್ಲ, ನಡೆಯುತ್ತಿದ್ದೇನೆ ಎಂಬುದನ್ನು ಕೈಸನ್ನೆಯಲ್ಲಿ ಹೇಳಿದೆ. ಅವನಿಗೆ ಇನ್ನೂ ಕನಿಕರವಾಯಿತು. ಬಲವಂತ ಮಾಡಿ ಹತ್ತಿಸಿಕೊಂಡು ಮನೆಗೇ ತಂದು ಬಿಟ್ಟ. ಆಮೇಲೆ ನಾನು ಅಂಗಳದಲ್ಲೇ ಸುತ್ತು ಹಾಕಿದೆ.

ವಾರಕ್ಕೆ ಮೂರು ಸಲ ವಸು ಡಯಾಲಿಸಿಸ್ ಕೇಂದ್ರಕ್ಕೆ ಹೋಗಬೇಕು. ಒಂದು ಹಜಾರದ ತುಂಬ ಒರಗು ಕುರ್ಚಿಗಳು, ಪ್ರತಿ ಕುರ್ಚಿಗೂ ಒಂದು ಯಂತ್ರ, ಒಂದು ಟಿವಿ. ಎಲ್ಲರೂ ಗಂಟಲವರೆಗೆ ಕಂಬಳಿ ಹೊದ್ದು, ರಕ್ತವನ್ನು ಯಂತ್ರಕ್ಕೆ ಕೊಟ್ಟು, ಬಹುಮಾನ ಗೆಲ್ಲುವವರ ಕಾರ್ಯಕ್ರಮ ನೋಡುತ್ತಿರುತ್ತಾರೆ. ಯಾರೂ ನರಳುವುದಿಲ್ಲ. ನಮ್ಮ ಆಸ್ಪತ್ರೆಗಳ ಗಲಾಟೆಗೆ ಒಗ್ಗಿದ ನನಗೆ ಆ ನಿಶ್ಶಬ್ದ ಹೆದರಿಕೆ ಹುಟ್ಟಿಸಿತು. ವಸುವಿನ ಪಕ್ಕದ ಕುರ್ಚಿಯಲ್ಲಿ ದನಗಾಹಿಗಳ ಅಗಲ ಟೋಪಿಯ ಮುದುಕನೊಬ್ಬ ಬರುತ್ತಿದ್ದ. ಟೋಪಿಯನ್ನು ಯಂತ್ರದ ತಲೆಯ ಮೇಲೆ ಇಟ್ಟು ಬೂಟು ಬಿಚ್ಚಿ ಮಲಗುತ್ತಿದ್ದ.

ವಸು ಟಿವಿ ಹಾಕುತ್ತಿರಲಿಲ್ಲ. "ಅಣ್ಣ, ನೀನು ಪಕ್ಕದಲ್ಲಿ ಕೂತ್ಕೊ. ಸುಮ್ನೆ ಯಂತ್ರ ನೋಡ್ಬೇಡ, ತಲೆ ಸುತ್ತತ್ತೆ. ಊರಿನ ಕಥೆ ಹೇಳ್ತೀನಿ" ಎಂದು ಶುರು ಮಾಡಿದಳು. ಹೀಗೆ ಅಸ್ತ್ರಾಖಾನ್ ನನಗೆ ಒಂದು ಸಲಕ್ಕೆ ಒಂದು ಶತಮಾನದಂತೆ, ಅವಳ ರಕ್ತ ಶುದ್ಧವಾಗಿ ಮುಗಿಯುವವರೆಗೆ, ಕಂತಿನಲ್ಲಿ ಬಂತು.

ಮೊದಲು ಅದು ತಾತಾರರ ಊರಂತೆ, ಈಗಿನ ಜಾಗಕ್ಕಿಂತ ನದಿಯ ಮೇಲ್ಗಡೆ. ರೇಷ್ಮೆ ಮತ್ತು ಮಸಾಲೆ ಹೊತ್ತ ಒಂಟೆಗಳು ಅಲ್ಲಿ ನಿಂತು, ಸರಕು ದೋಣಿಗೆ ಏರುತ್ತಿತ್ತು. ಮಧ್ಯ ಏಷ್ಯದಿಂದ ದಂಡೆತ್ತಿ ಬಂದವನೊಬ್ಬ ಅದನ್ನು ಸುಟ್ಟ. ಮತ್ತೆ ಎದ್ದಿತು. ಆಮೇಲೆ ರಷ್ಯದ ದೊರೆ ಗೆದ್ದುಕೊಂಡು, ಊರನ್ನೇ ಅಲ್ಲಿಂದ ಎತ್ತಿ ಒಂದು ದ್ವೀಪದ ದಿಬ್ಬಕ್ಕೆ ತಂದಿಟ್ಟ. ಬಿಳಿ ಕೋಟೆ ಕಟ್ಟಿಸಿದರು. ಅದಕ್ಕೆ ಇಟ್ಟಿಗೆ ಎಲ್ಲಿಂದ ಬಂತು ಗೊತ್ತಾ ಎಂದು ಕೇಳಿದಳು. ಅದಕ್ಕೂ ಮುಂಚೆ ಆ ಸೀಮೆಯನ್ನೆಲ್ಲ ಆಳಿದ ತಾತಾರರ ರಾಜಧಾನಿ ನದಿಯ ಮೇಲ್ಗಡೆ ಹಾಳು ಬಿದ್ದಿತ್ತು. ಅದನ್ನು ಕಳಚಿ ದೋಣಿಯಲ್ಲಿ ತಂದರು. ಮೈಸೂರಿನ ಕೋಟೆಯ ಕಲ್ಲುಗಳೂ ಹೀಗೆ ಅತ್ತಿಂದಿತ್ತ ಓಡಾಡಿವೆ ಎಂದು ಕೇಳಿದ್ದೆ. ಹೇಳಿದೆ. ಅವಳಿಗೆ ಖುಷಿಯಾಯಿತು. ಟೋಪಿಯ ಮುದುಕ ನಾವೇನು ಮಾತಾಡುತ್ತೇವೆಂದು ವಿಚಾರಿಸಿದ. ಒಂದು ಊರು ಸುಟ್ಟು ಹೋಗಿ ಮತ್ತೆ ಎದ್ದ ಕಥೆ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅಂದಿನಿಂದ ಅವನು ಬಂದ ಕೂಡಲೇ ನಿಮ್ಮ ಊರು ಇನ್ನೂ ನಿಂತಿದೆಯಾ ಎಂದು ಕೇಳುತ್ತಿದ್ದ.

ಮುಂದಿನ ಸಲ ಅವಳು ತನ್ನ ಮುಖ್ಯ ವಿಷಯಕ್ಕೆ ಬಂದಳು. ಕೋಟೆ ಎದ್ದ ಎರಡು ತಲೆಮಾರಿಗೆ ಆ ಊರಿಗೆ ನಮ್ಮ ದೇಶದವರು ಹೋದರು. ಮುಲ್ತಾನ್, ಸಿಂಧ್ ಕಡೆಯ ವ್ಯಾಪಾರಿಗಳು. ಪರ್ಷಿಯಾ ದಾಟಿ, ಕ್ಯಾಸ್ಪಿಯನ್ ಸಮುದ್ರ ದಾಟಿ, ಹಿಮ ಬೀಳುವ ಊರಿನಲ್ಲಿ ಅಂಗಡಿ ಇಟ್ಟರು. ಅವರಿಗೆಂದೇ ಒಂದು ವಠಾರ ಇತ್ತು, ಸುತ್ತ ಗೋಡೆ, ಒಂದು ಬಾಗಿಲು, ಒಳಗೆ ದೇವರ ಕೋಣೆ. ಮಾಂಸ ಮುಟ್ಟುತ್ತಿರಲಿಲ್ಲ. ಸತ್ತವರನ್ನು ಸುಡಲು ಅಪ್ಪಣೆ ಕೇಳಿ ಪಡೆದಿದ್ದರು. ಅಲ್ಲಿನ ವರ್ತಕರು ಇವರನ್ನು ಓಡಿಸಿ ಎಂದು ದೊರೆಗೆ ಅರ್ಜಿಯ ಮೇಲೆ ಅರ್ಜಿ ಹಾಕಿದರು, ದೊರೆ ಓಡಿಸಲಿಲ್ಲ. ಕೆಲವರು ತಾತಾರ ಹೆಂಗಸರ ಜೊತೆ ಸಂಸಾರ ಹೂಡಿದರು.

"ಅವರ ಪದ್ಧತಿ ಒಂದಿತ್ತು ಅಣ್ಣ. ಮುಲ್ತಾನ್‌ನಲ್ಲಿ ಮನೆ ಹಿರೀಕ ಇರ್ತಾನೆ. ಅವನು ತಮ್ಮನ್ನೋ ಅಣ್ಣನ ಮಗನ್ನೋ ಗುಮಾಸ್ತನ್ನೋ ಕಳಿಸ್ತಾನೆ. ಇಷ್ಟು ವರ್ಷ ಅಂತ. ಅವನು ವಾಪಸ್ ಬರ್ಬೇಕು ಅಂದ್ರೆ ಬದಲಿ ಆಳು ಬರ್ಬೇಕು. ಬದಲಿ ಬರೋವರೆಗೆ ಇವನು ಅಲ್ಲಾಡೋ ಹಾಗಿಲ್ಲ."

ಅವಳು ಒಂದು ವರ್ಷ ಆ ಊರಿನಲ್ಲಿದ್ದು ಹಳೆಯ ಕಡತಗಳನ್ನು ಓದಿದ್ದಳು. ಹೆಸರು ಗೊತ್ತಿಲ್ಲದ ಆ ಜನರ ಬಗ್ಗೆ ಮಾತಾಡುವಾಗ ನಮ್ಮ ಸೋದರಮಾವಂದಿರ ಬಗ್ಗೆ ಹೇಳುತ್ತಿದ್ದಾಳೋ ಎನ್ನಿಸುತ್ತಿತ್ತು. ಆ ಊರಿನ ಬಗ್ಗೆಯೇ ಯಾಕೆ ಬರೆಯಬೇಕು ಎಂಬ ನನ್ನ ಹಳೆಯ ಪ್ರಶ್ನೆಗೆ ಉತ್ತರ ಅದೇ ಇರಬೇಕು. ದೂರದ ಊರಿನಲ್ಲಿ ಒಂಟಿಯಾಗಿ ಇರುವವರು ಹೇಗೆ ಇರುತ್ತಾರೆ ಎಂದು ಅವಳಿಗೆ ತಿಳಿಯಬೇಕಾಗಿತ್ತು.

ಹ್ಯೂಸ್ಟನ್

ಕಿಡ್ನಿ ಬದಲಾಯಿಸುವ ಆಸ್ಪತ್ರೆ ಹ್ಯೂಸ್ಟನ್ನಿನಲ್ಲಿತ್ತು. ದಾರಿಯುದ್ದಕ್ಕೂ ರಸ್ತೆಯ ಅಂಚಿನಲ್ಲಿ ನೀಲಿ ಹೂವು. ಟೆಕ್ಸಸ್ಸಿನ ಜನ ಆ ಹೂವು ಕಂಡರೆ ಹೆದ್ದಾರಿಯಲ್ಲೇ ಕಾರು ನಿಲ್ಲಿಸಿ, ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಾರೆ. ಅಜ್ಜಿಯರೂ ಕೂರುತ್ತಾರೆ. ವಸು ನನ್ನನ್ನೂ ಕೂರಿಸಿದಳು. ಇರುವೆ ಕಚ್ಚಿತು. ಇಂದಿಗೂ ನಮ್ಮ ಮನೆಯಲ್ಲಿರುವ ಆ ಫೋಟೋದಲ್ಲಿ ನಾನು ಅಳುವವನ ಹಾಗೆ ನಗುತ್ತಿದ್ದೇನೆ.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಗಿರಿಜಾ ಆಂಟಿ ಎಂಬುವರ ಮನೆಯಲ್ಲಿ ಉಳಿದೆವು. ವಸುವಿಗೆ ಪರಿಚಯದವರು, ಮೈಸೂರಿನ ಸರಸ್ವತಿಪುರಂನವರು. ಅವರ ಮಗನನ್ನು ನಾನು ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರಿಗೂ ಇಬ್ಬರ ಮಾತೂ ಅರ್ಧಂಬರ್ಧ ಅರ್ಥವಾಗಿ ಯಾರಿಗೂ ಬೇಜಾರಿರಲಿಲ್ಲ. ಮೊದಲ ದಿನ ಆಸ್ಪತ್ರೆಗೆ ಆಂಟಿಯೇ ಬಂದು ನನ್ನ ಪರವಾಗಿ ಮಾತಾಡಿದರು. ಡಾಕ್ಟರು ಏನು ಕೇಳಿದರೂ ನಾನು ಯೆಸ್ ಅನ್ನುತ್ತಿದ್ದೆ. ರಕ್ತ ತೆಗೆದರು. ಯಂತ್ರದ ಒಳಗೆ ಮಲಗಿಸಿ ಹೊಟ್ಟೆಯ ಚಿತ್ರ ತೆಗೆದರು. ರಕ್ತದ ಗುಂಪು ಹೊಂದಿತ್ತು. ಎಲ್ಲವೂ ಚೆನ್ನಾಗಿದೆ ಎಂದು ಆಂಟಿ ಮನೆಗೆ ಬಂದು ಪಾಯಸ ಮಾಡಿದರು.

ಆ ದಿನ ಒಬ್ಬ ಡಾಕ್ಟರು ನನಗೆ ಪರದೆಯ ಮೇಲೆ ನನ್ನ ಕಿಡ್ನಿಗಳನ್ನು ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಎರಡು ಬೆಳ್ಳನೆಯ ಅವರೆಕಾಳು. ಎಡಗಡೆಯದರ ಮೇಲೆ ಪೆನ್ನಿನ ತುದಿ ಇಟ್ಟು, ಇದು ಎಂದರು. ಅಲ್ಲಿಯವರೆಗೆ ನಾನು ಕಿಡ್ನಿ ಕೊಡುವುದೆಂದರೆ ಏನೋ ಒಂದು ಒಳ್ಳೆಯ ಕೆಲಸ ಎಂದುಕೊಂಡಿದ್ದೆ. ಆ ಪೆನ್ನಿನ ತುದಿ ಕಂಡ ಮೇಲೆ ಅದು ನನ್ನದು ಎನ್ನಿಸಿತು. ಎರಡೂ ನನ್ನವು. ಪಾಯಸದ ಬಟ್ಟಲನ್ನು ಆಂಟಿಯ ಮಗನ ಮುಂದೆ ಸರಿಸಿದೆ. ಆದರೂ ಯೆಸ್ ಅನ್ನುತ್ತಲೇ ಹೋಗುತ್ತಿದ್ದೆ, ಅವರ ಪದ್ಧತಿ ಹಾಗಿಲ್ಲದೆ ಹೋಗಿದ್ದರೆ.

ಅವರ ಪದ್ಧತಿ ಏನೆಂದರೆ, ಕೊಡುವವನನ್ನು ಕೊನೆಗೊಮ್ಮೆ ಒಂಟಿಯಾಗಿ ಕೂರಿಸಿ ಮಾತಾಡುತ್ತಾರೆ. ಮನೆಯವರಿರಲಿ, ಪರಿಚಯದವರೂ ಕೋಣೆಯೊಳಗೆ ಬರುವಂತಿಲ್ಲ. ಆ ಹೊತ್ತಿನಲ್ಲಿ ವಸು ಹ್ಯೂಸ್ಟನ್ನಿನದೇ ಒಂದು ಕೇಂದ್ರದಲ್ಲಿ ಡಯಾಲಿಸಿಸ್‌ಗೆ ಕೂತಿದ್ದಳು. ಗಿರಿಜಾ ಆಂಟಿಯನ್ನು ಹೊರಗೆ ಕೂರಿಸಿದರು. ಕೋಣೆಯಲ್ಲಿ ಒಬ್ಬ ಬಿಳಿ ಕೂದಲಿನ ಹೆಂಗಸು, ಮೇಜಿನ ಮೇಲೆ ಒಂದು ಫೋನು. ಅವರು ಗುಂಡಿ ಒತ್ತಿದರು. ಫೋನಿನೊಳಗಿಂದ ನಮಸ್ಕಾರ್ರಿ ಎಂದು ಒಂದು ಹೆಣ್ಣು ದನಿ ಬಂತು. ಹುಬ್ಬಳ್ಳಿ, ಧಾರವಾಡದ ಕಡೆಯ ಮಾತು. ಎಲ್ಲಿ ಕೂತು ಮಾತಾಡುತ್ತಿದ್ದರೋ ಕೇಳುವ ಹಾಗಿರಲಿಲ್ಲ.

ನಾನು ಇಂಗ್ಲಿಷಿನ ಪ್ರಶ್ನೆಗಳಿಗೆ ತಯಾರಾಗಿದ್ದೆ. ಕನ್ನಡದ ಪ್ರಶ್ನೆಗೆ ತಯಾರಾಗಿರಲಿಲ್ಲ.

"ಅಣ್ಣಾರ, ಈಗ ನಾ ಹೇಳೂದು ನಿಮ್ಮ ಮುಂದ ಕುಂತ ಬಾಯಾರ ಮಾತು. ನಿಮಗ ಕೊಡಾಕ ಮನಸ್ಸಿಲ್ಲಂದ್ರ ಇಲ್ಲ ಅನ್ರಿ. ಯಾಕ ಅಂತ ಯಾರೂ ಕೇಳಂಗಿಲ್ಲ. ನಿಮ್ಮ ತಂಗಿಗೆ, ಇವರದು ತಗೊಳ್ಳಾಕ ಬರಂಗಿಲ್ಲ ಅಂತ ಇಷ್ಟ ಹೇಳ್ತಾರ. ಖರೇ ಹೇಳ್ರಿ, ನಿಮಗ ಮನಸ್ಸೈತೇನ್ರಿ?"

ಎಷ್ಟೋ ದಿನಗಳಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮನೆಯಲ್ಲಿ ಹೆಂಡತಿ ಸುಧಾ ಕೇಳಿರಲಿಲ್ಲ, ಅವಳು ಹೋಗಿ ಬನ್ನಿ ಎಂದು ಕುಂಕುಮ ಕಟ್ಟಿಕೊಟ್ಟಿದ್ದಳು. ಮಧು ಕೇಳಿರಲಿಲ್ಲ, ನಾನೂ ಇದೀನಿ ಎಂದು ಮಾತ್ರ ಹೇಳಿದ್ದ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

"ಇಲ್ಲ ಕಣಮ್ಮ" ಎಂದೆ. "ನಂಗೆ ಭಯ. ನಂಗೆ ಮನಸ್ಸಿಲ್ಲ."

ಫೋನಿನೊಳಗಿಂದ ನನ್ನ ಮಾತು ಇಂಗ್ಲಿಷಿನಲ್ಲಿ ಒಂದು ಪುಟ್ಟ ವಾಕ್ಯವಾಗಿ ಹೊರಗೆ ಬಂತು. ಬಿಳಿ ಕೂದಲಿನವರ ಮುಖ ಬದಲಾಗಲಿಲ್ಲ. ಒರೆಸಿಕೊಳ್ಳುವ ಕಾಗದದ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ತಮ್ಮ ನಂಬರಿನ ಕಾರ್ಡು ಕೊಟ್ಟು, ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಫೋನ್ ಮಾಡಬಹುದು ಎಂದು ಹೇಳಿಸಿದರು. ಕೈ ಕುಲುಕಿ, ಬಂದದ್ದಕ್ಕೆ ಥ್ಯಾಂಕ್ಸ್ ಎಂದರು. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಯಾವತ್ತೂ ಬೀಳ್ಕೊಟ್ಟಿಲ್ಲ.

ಹೊರಗೆ ಆಂಟಿ, ಏನಂದರು ಎಂದು ಕೇಳಿದರು. ಮಾಮೂಲಿ ಪ್ರಶ್ನೆ ಎಂದೆ. ಬಚ್ಚಲಿಗೆ ಹೋಗಿ ಮುಖ ತೊಳೆಯೋಣವೆಂದರೆ ನಲ್ಲಿಗೆ ತಿರುಗಣೆ ಇರಲಿಲ್ಲ. ಕೈ ಒಡ್ಡಿದರೆ ನೀರು ಬರಬೇಕು, ಬರಲಿಲ್ಲ. ಪಕ್ಕದಲ್ಲಿ ಒಬ್ಬ ಹುಡುಗ ಒಡ್ಡಿದರೆ ಬಂತು. ನಾನು ಒಡ್ಡಿದರೆ ನಿಂತಿತು. ಮುಖ ತೊಳೆಯದೆ ಹಾಗೆಯೇ ಬಂದೆ.

ಹಡಗಿನ ಕಾಲುವೆ

ಮಾರನೆಯ ದಿನ ವಸು ನನಗೊಂದು ಬಂದರು ತೋರಿಸಲೇಬೇಕೆಂದು ಹಡಗಿನ ಕಾಲುವೆಗೆ ಕರೆದೊಯ್ದಳು. ಹ್ಯೂಸ್ಟನ್ ಸಮುದ್ರದಿಂದ ದೂರ. ಸಮುದ್ರದ ಬಾಯಲ್ಲಿದ್ದ ಗಾಲ್ವೆಸ್ಟನ್ ಎಂಬ ಬಂದರನ್ನು ಒಂದು ಬಿರುಗಾಳಿ ಬಡಿದ ಮೇಲೆ, ಇವರು ಸಣ್ಣ ಹೊಳೆಯೊಂದನ್ನು ಅಗೆದು ಆಳ ಮಾಡಿ ಹಡಗುಗಳನ್ನು ಮನೆಬಾಗಿಲಿಗೆ ಕರೆಸಿಕೊಂಡರಂತೆ. ದೋಣಿಯಲ್ಲಿ ಪ್ರವಾಸಿಗಳನ್ನು ಸುತ್ತಿಸುತ್ತಾರೆ. ಎರಡೂ ದಡದಲ್ಲಿ ಎಣ್ಣೆಯ ತೊಟ್ಟಿಗಳು, ಚಿಮಣಿಗಳು, ಕೊಳೆತ ಮೊಟ್ಟೆಯ ವಾಸನೆ. ಇದನ್ನು ನೋಡಲು ಜನ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ತುಕ್ಕು ಹಿಡಿದ ಹಡಗೊಂದರ ಮೇಲಿಂದ ನಾವಿಕನೊಬ್ಬ ಕೈ ಬೀಸಿದ, ದೋಣಿಯವರೆಲ್ಲ ಬೀಸಿದರು.

ವಸು ಗಾಳಿಗೆ ಸೆರಗು ಹೊದ್ದು ಹದಿನೇಳು, ಹದಿನೆಂಟನೆಯ ಶತಮಾನ ಹೇಳಿದಳು. ಕೊಸಾಕ್ ಎಂಬ ಕುದುರೆ ಸವಾರರ ದಂಗೆಕೋರ ನಾಯಕನೊಬ್ಬ ಅಸ್ತ್ರಾಖಾನನ್ನು ಹಿಡಿದು ಅಧಿಕಾರಿಯನ್ನು ಗೋಪುರದಿಂದ ಕೆಳಗೆ ತಳ್ಳಿಸಿದ್ದು. ಪ್ಲೇಗು ಬಂದು ಊರಿನ ಅರ್ಧಕ್ಕೂ ಹೆಚ್ಚು ಜನ ಹೋದದ್ದು. ಆಮೇಲಿನ ದೊರೆ ಗಡ್ಡ ಬೋಳಿಸಿ ಎಂದು ಹುಕುಂ ಹೊರಡಿಸಿದಾಗ ಊರು ಮತ್ತೆ ರೇಗಿದ್ದು. ಆಗಲೇ ಒಂದು ಗಾಳಿಸುದ್ದಿ ಹಬ್ಬಿತಂತೆ, ಇನ್ನು ಮೇಲೆ ಇಲ್ಲಿನ ಹೆಣ್ಣುಮಕ್ಕಳನ್ನು ಪರದೇಶದವರಿಗೇ ಕೊಡಬೇಕು ಎಂದು. ಹೆದರಿದ ಜನ ಒಂದೇ ದಿನ ನೂರು ಮದುವೆ ಮಾಡಿ ಮುಗಿಸಿದರು. ಆ ಮದುವೆಗಳ ಕುಡಿತದ ನಡುವೆಯೇ ದಂಗೆ ಎದ್ದಿತು.

"ನೂರು ಮದುವೆ ಅಣ್ಣ. ಪ್ರೆಸ್ಸಿದ್ದಿದ್ರೆ ನಿನಗೆ ಸುಗ್ಗಿ."

"ಒಂದೇ ದಿನದಲ್ಲಿ ಅಂದ್ರೆ ಪತ್ರಿಕೆ ಯಾರು ಹಾಕಿಸ್ತಾರೆ" ಎಂದೆ. ಅವಳು ನಕ್ಕಳು. ನಗುತ್ತಿರುವಾಗಲೇ ಅವಳಿಗೆ ಫೋನು ಬಂತು.

ಅವಳು ಒಂದು ಕಿವಿ ಮುಚ್ಚಿಕೊಂಡು ಓಕೆ, ಓಕೆ ಎನ್ನುತ್ತಾ ಕೇಳಿದಳು. ಥ್ಯಾಂಕ್ಯೂ ಎಂದು ಇಟ್ಟಳು. ನನ್ನ ಕಡೆ ತಿರುಗದೆ ಫೋನನ್ನು ಕೈಚೀಲಕ್ಕೆ ಹಾಕಿ ಜಿಪ್ಪು ಎಳೆದಳು. ಆಗ ನಾನು ಹೇಳಬಹುದಿತ್ತು. ಬಿಳಿ ಕೂದಲಿನವರು ಕೊಟ್ಟ ಕಾರ್ಡು ಜೇಬಿನಲ್ಲೇ ಇತ್ತು.

"ಆಗಲ್ವಂತೆ" ಎಂದಳು. "ನಿಂದು ತಗೊಳ್ಳೋ ಹಾಗಿಲ್ವಂತೆ ಅಣ್ಣ."

ನಾನು ಅತ್ತುಬಿಟ್ಟೆ. ನನಗೆ ಅಳು ಬಂದದ್ದು ನಾಚಿಕೆಗೆ. ಅವಳು ಅದನ್ನು ದುಃಖ ಎಂದುಕೊಂಡಳು. ಅಪರಿಚಿತರ ನಡುವೆ ನನ್ನ ಬೆನ್ನು ಸವರುತ್ತಾ, "ಅಳಬೇಡ. ನೀನೇನ್ ಮಾಡ್ತೀಯ. ಅಷ್ಟು ದೂರದಿಂದ ಬಂದ್ಯಲ್ಲ, ಸಾಕು" ಎಂದಳು. ಪಕ್ಕದ ಹೆಂಗಸೊಬ್ಬಳು ನನಗೆ ದೋಣಿಯ ಓಲಾಟ ಆಗುತ್ತಿಲ್ಲವೆಂದು ತಿಳಿದು ಒಂದು ಶುಂಠಿ ಮಿಠಾಯಿ ಕೊಟ್ಟಳು. ತಿಂದೆ.

ಮತ್ತೆ ಆಸ್ಟಿನ್

ಅವಳು ತನ್ನ ಬಗ್ಗೆ ಚಿಂತೆ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ನನ್ನ ಬಗ್ಗೆ ಚಿಂತೆ ಶುರು ಮಾಡಿದಳು. ನನ್ನ ಕಿಡ್ನಿಯಲ್ಲಿ ಏನು ದೋಷ ಕಂಡಿತು ಎಂದು ತಿಳಿದರೆ ಮೈಸೂರಿನಲ್ಲಿ ಚಿಕಿತ್ಸೆ ಕೊಡಿಸಬಹುದು ಎಂದು ಆಸ್ಪತ್ರೆಗೆ ಫೋನ್ ಮಾಡಿದಳು. ಕೊಡುವವನ ವಿಷಯ ಯಾರಿಗೂ ಹೇಳುವಂತಿಲ್ಲ ಎಂದರು. ಅದು ಅಲ್ಲಿನ ನಿಯಮ. ಆದರೆ ನಮ್ಮ ಕಡೆ ಡಾಕ್ಟರು ಬಾಯಿ ಬಿಡಲಿಲ್ಲ ಎಂದರೆ ಅದಕ್ಕೆ ಒಂದೇ ಅರ್ಥ. ಅಷ್ಟು ವರ್ಷ ಅಮೆರಿಕದಲ್ಲಿದ್ದ ವಸುವೂ ಆ ಹೊತ್ತಿನಲ್ಲಿ ಮೈಸೂರಿನವಳೇ ಆದಳು. ಹೇಳಲ್ಲ ಅನ್ನಬೇಕಾದರೆ ದೊಡ್ಡದೇ ಇರಬೇಕು ಎಂದುಕೊಂಡಳು.

"ನಿಂಗೇನಾದ್ರೂ ಹೇಳಿದ್ರಾ ಅಣ್ಣ? ಮುಚ್ಚಿಡ್ಬೇಡ."

"ಅವರ ಇಂಗ್ಲಿಷು ನಂಗೆಲ್ಲಿ ಅರ್ಥ ಆಗತ್ತೆ" ಎಂದೆ.

ನನ್ನ ಅಲ್ಪವಿದ್ಯೆ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಡಯಾಲಿಸಿಸ್ ಕೇಂದ್ರದಲ್ಲಿ ಟೋಪಿಯ ಮುದುಕನ ಕುರ್ಚಿಯಲ್ಲಿ ಬೇರೊಬ್ಬ ಹೆಂಗಸಿದ್ದಳು. ಎಲ್ಲಿ ಹೋದ ಎಂದು ಯಾರೂ ಕೇಳಲಿಲ್ಲ. ಅಲ್ಲಿ ಕುರ್ಚಿ ಬದಲಾದರೆ ಕೇಳಬಾರದಂತೆ. ವಸು ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಕ್ಕೆ ಬಂದಿದ್ದಳು. ದನಿ ಸಣ್ಣಗಾಗಿತ್ತು. ಕಾಲರಾ ಅದೇ ಬಂದರಿನಿಂದ ರಷ್ಯದೊಳಗೆ ನುಗ್ಗಿತು. ಆಮೇಲೆ ಎಣ್ಣೆ ಬಂತು, ಮೀನು ಮತ್ತು ಮೀನಿನ ಮೊಟ್ಟೆಯಿಂದ ಊರು ಸಿರಿವಂತವಾಯಿತು. ಕ್ರಾಂತಿಯ ಕಾಲದಲ್ಲಿ ಮುಷ್ಕರ ಹೂಡಿದ ಕೂಲಿಗಳ ಮೇಲೆ ಕೂಲಿಗಳ ಸರ್ಕಾರವೇ ಗುಂಡು ಹಾರಿಸಿತು. ನದಿಗೆ ಮೇಲ್ಗಡೆ ಅಣೆಕಟ್ಟು ಕಟ್ಟಿದ ಮೇಲೆ ಮೊಟ್ಟೆ ಇಡಲು ಮೇಲೆ ಈಜುತ್ತಿದ್ದ ದೊಡ್ಡ ಮೀನುಗಳಿಗೆ ದಾರಿ ಮುಚ್ಚಿತು. ಸಮುದ್ರವೂ ಹಿಂದೆ ಸರಿಯಿತು. ಈಗ ಆ ಬಂದರಿನಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ. ಹೂಳು ತೆಗೆಯುವುದನ್ನು ನಿಲ್ಲಿಸಿದರೆ ಹಡಗೂ ಬರುವುದಿಲ್ಲ.

ಇಷ್ಟಾದರೂ ಊರು ಇದೆಯಲ್ಲ ಎಂದೆ, ಏನಾದರೂ ಹೇಳಬೇಕಲ್ಲ ಎಂದು. ಊರು ಇದೆ, ವಠಾರದವರು ಇಲ್ಲ ಎಂದಳು. ಅದು ಡಾಲಸ್‌ನ ಭಾಷಣದಲ್ಲಿ ಹೇಳ್ತೀನಿ, ನೀನೂ ಕೇಳುವೆಯಂತೆ ಎಂದಳು.

ಆಗಲೂ ದಿನಗಳಿದ್ದವು. ಅವಳು ಮಲಗಿದಾಗ ಫೋನು ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಮಾಡಿದರೆ ಮತ್ತೆ ಯಾರೋ ಕನ್ನಡದಲ್ಲಿ ಕೇಳುತ್ತಾರೆ, ನಾನು ಮತ್ತೆ ಅದೇ ಉತ್ತರ ಕೊಡುತ್ತೇನೆ ಎಂದು ಗೊತ್ತಿತ್ತು. ನನ್ನ ಮನಸ್ಸು ಬದಲಾಗಿರಲಿಲ್ಲ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ನಿಜ. ತಂಗಿಯ ಮೇಲೆ ನನಗೆ ಪ್ರೀತಿ ಇತ್ತು, ಮನಸ್ಸಿರಲಿಲ್ಲ. ಎರಡೂ ಒಟ್ಟಿಗೆ ಇರಬಲ್ಲವು ಎಂದು ಆವರೆಗೆ ನನಗೆ ತಿಳಿದಿರಲಿಲ್ಲ.

ಡಾಲಸ್

ನಾನು ವಾಪಸು ವಿಮಾನ ಹತ್ತಬೇಕಾದದ್ದು ಡಾಲಸ್‌ನಿಂದ. ಅದರ ಹಿಂದಿನ ದಿನ ಅಲ್ಲಿಗೆ ಹತ್ತಿರದ ಲಾಸ್ ಕೊಲಿನಾ‌ಸ್‌ನಲ್ಲಿ ಕನ್ನಡದವರೆಲ್ಲ ಸೇರುವ ಒಂದು ಕೂಟದಲ್ಲಿ ವಸುವಿನ ಮಾತು ಇಟ್ಟಿದ್ದರು. ಗಾಜಿನ ಕಟ್ಟಡಗಳ ನಡುವೆ ಬಾಡಿಗೆಯ ಸಭಾಂಗಣ. ಹೆಚ್ಚಿನವರು ಅಲ್ಲೇ ಕಂಪ್ಯೂಟರ್ ಕೆಲಸದವರು, ಬೆಂಗಳೂರು ಮೈಸೂರಿನವರು. ಹಿಂದುಗಡೆ ದೊಡ್ಡ ಪಾತ್ರೆಗಳಲ್ಲಿ ಬಿಸಿಬೇಳೆಬಾತ್ ಕಾಯುತ್ತಿತ್ತು. ಅದರ ವಾಸನೆಯ ಜೊತೆ ಸ್ಪರ್ಧೆ ಮಾಡುತ್ತಾ ವಸು ಒಂದು ಊರಿನ ಆರುನೂರು ವರ್ಷ ಹೇಳಬೇಕಿತ್ತು.

ಕೂತು ಮಾತಾಡಿ ಎಂದರೂ ನಿಂತೇ ಮಾತಾಡಿದಳು. ನನಗೆ ಕಂತಿನಲ್ಲಿ ಬಂದದ್ದೆಲ್ಲ ಅಲ್ಲಿ ಒಟ್ಟಿಗೆ ಬಂತು. ಸುಟ್ಟ ಊರು, ತಂದ ಇಟ್ಟಿಗೆ, ನೂರು ಮದುವೆ. ಮದುವೆಗೆ ಎಲ್ಲರೂ ನಕ್ಕರು. ಕೊನೆಗೆ ವಠಾರಕ್ಕೆ ಬಂದಳು. ನಮ್ಮವರು ಅಲ್ಲಿ ನೂರೈವತ್ತು ವರ್ಷಕ್ಕೂ ಹೆಚ್ಚು ಇದ್ದರು, ಆಮೇಲೆ ಹೇಗೆ ಇಲ್ಲವಾದರು ಎಂದು ಕೇಳಿದಳು. ಪ್ಲೇಗು ಅವರನ್ನು ಮುಗಿಸಲಿಲ್ಲ, ದೊರೆ ಓಡಿಸಲಿಲ್ಲ. ವ್ಯಾಪಾರದ ದಾರಿ ಬದಲಾಯಿತು, ಅದು ನಿಜ. ಇನ್ನೊಂದು ನನ್ನ ಊಹೆ, ಕಡತದಲ್ಲಿ ಇಲ್ಲ ಎಂದು ಮೊದಲೇ ಹೇಳಿ, ಒಂದು ಮಾತು ಹೇಳಿದಳು.

"ಮನೆಯಿಂದ ಬದಲಿ ಬರೋದು ನಿಂತುಹೋಯ್ತು. ಅಲ್ಲಿದ್ದವರು ಕಾಯ್ತಾ ಮುದುಕರಾದ್ರು. ಊರು ಅವರನ್ನ ಏನೂ ಮಾಡ್ಲಿಲ್ಲ. ಮನೆಯವರೂ ಕೆಟ್ಟವರೇನಲ್ಲ. ಯಾರೋ ಒಬ್ಬ ತಮ್ಮ ದೂರ ಅಂದ, ಯಾರೋ ಒಬ್ಬನಿಗೆ ಹುಷಾರಿರ್ಲಿಲ್ಲ. ಅಷ್ಟೇ ಇರ್ಬೇಕು."

ಒಬ್ಬ ಅಂಕಲ್ ಎದ್ದು ಅಲ್ಲಿಗೆ ಕನ್ನಡದವರು ಯಾರಾದರೂ ಹೋಗಿದ್ದರಾ ಎಂದು ಕೇಳಿದರು. ನಾನೇ ಮೊದಲು ಇರಬೇಕು ಎಂದಳು. ಜನ ಮತ್ತೆ ನಕ್ಕರು. ಇಳಿಯುವ ಮುಂಚೆ ನನ್ನ ಕಡೆ ಕೈ ತೋರಿಸಿ, ಇವರು ನಮ್ಮಣ್ಣ, ನನಗೆ ಕಿಡ್ನಿ ಕೊಡೋಕೆ ಅಂತ ಮೈಸೂರಿಂದ ಬಂದಿದ್ರು, ಆಗ್ಲಿಲ್ಲ, ಆದ್ರೂ ಬಂದ್ರು ಎಂದಳು. ಚಪ್ಪಾಳೆ ಶುರುವಾಯಿತು. ನಿಲ್ಲಲಿಲ್ಲ. ನಾನು ಎದ್ದು ಕೈ ಮುಗಿಯಬೇಕಾಯಿತು. ಊಟದ ಸಾಲಿನಲ್ಲಿ ನನ್ನನ್ನು ಮುಂದೆ ಬಿಟ್ಟರು.

ಕಾರಿಗೆ ಬಂದು ಕೂತಾಗ ಮೈಸೂರಿನಿಂದ ಮಧುವಿನ ಫೋನು. ಪಾಸ್‌ಪೋರ್ಟಿಗೆ ಓಡಾಡುತ್ತಿದ್ದನಂತೆ, ಬಂತಂತೆ. ವೀಸಾಕ್ಕೆ ಯಾವ ಕಾಗದ ಬೇಕು ಎಂದು ಕೇಳಲು ಮಾಡಿದ್ದ. ವಸು ಎಂಜಿನ್ ಆಫ್ ಮಾಡಿದಳು.

"ನೀನು ಬರ್ಬೇಡ ಮಧು. ಅಣ್ಣಂಗೂ ಏನೋ ಇದೆ, ಡಾಕ್ಟರ್ ಬಾಯೇ ಬಿಡ್ತಿಲ್ಲ. ನಂಗಾಯ್ತು, ಅಣ್ಣಂಗಾಯ್ತು, ನಮ್ಮ ರಕ್ತದಲ್ಲೇ ಇದೆ ಕಣೋ. ನಿಂದು ಒಂದು ತೆಗೆದು ನಾಳೆ ಉಳಿದಿದ್ದು ಹೋದ್ರೆ? ನಿನ್ನ ಮಗು ಇನ್ನೂ ಅಂಬೆಗಾಲಿಡ್ತಿದೆ."

ಅವನು ಒಪ್ಪಲಿಲ್ಲ. ಟೆಸ್ಟ್ ಆದರೂ ಮಾಡಿಸಲಿ ಎಂದ. ಬೇಡ ಎಂದಳು. ಅವನು ರೇಗಿದ, ಅತ್ತ, ನೀನ್ಯಾರು ಬೇಡ ಅನ್ನೋಕೆ ಎಂದ. ಅವಳು ಫೋನನ್ನು ಇಬ್ಬರಿಗೂ ಕೇಳುವ ಹಾಗೆ ಮಾಡಿ ನಡುವೆ ಇಟ್ಟಳು.

"ಅಣ್ಣ, ಪಕ್ಕದಲ್ಲಿದೀಯಾ? ನೀನು ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ. ಬರ್ಲಾ, ಬೇಡ್ವಾ?" ಎಂದ ಮಧು.

ವಸು ನನ್ನ ಮುಖ ನೋಡುತ್ತಿದ್ದಳು. ಬಾ ಎಂದರೆ, ಯಾಕೆ ಎಂದು ಅವಳು ಕೇಳುತ್ತಾಳೆ. ಅಣ್ಣನಿಗೆ ಏನೂ ಆಗಿಲ್ಲ ಎಂದು ನಾನು ಹೇಳಬೇಕಾಗುತ್ತದೆ. ಕಾರಿನ ಹೊರಗೆ ಕೂಟದ ಜನ ನಮಗೆ ಕೈ ಬೀಸುತ್ತಾ ತಮ್ಮ ತಮ್ಮ ಕಾರುಗಳಿಗೆ ಹೋಗುತ್ತಿದ್ದರು.

"ವಸು ಹೇಳಿದ ಹಾಗೆ ಕೇಳು" ಎಂದೆ.

ಆಸ್ಪತ್ರೆಯ ಕೋಣೆಯಲ್ಲಿ ನಾನು ಹೇಳಿದ್ದನ್ನು ದೇವರು ಬೇಕಾದರೆ ಕ್ಷಮಿಸಲಿ. ಹೆದರುವುದು ಮನುಷ್ಯನಿಗೆ ಇದ್ದದ್ದೇ. ಕಾರಿನಲ್ಲಿ ಹೇಳಿದ ಈ ನಾಲ್ಕು ಮಾತಿಗೆ ಕ್ಷಮೆ ಕೇಳುವ ಮುಖ ನನಗಿಲ್ಲ. ನನ್ನದನ್ನು ನಾನು ಕೊಡಲಿಲ್ಲ. ಕೊಡಲು ಮನಸ್ಸಿದ್ದವನ ದಾರಿಯನ್ನೂ ಮುಚ್ಚಿದೆ.

ಮಾರನೆಯ ದಿನ ವಿಮಾನ ನಿಲ್ದಾಣದಲ್ಲಿ ಅವಳು ನನ್ನ ಚೀಲ ಎತ್ತಲು ಬಂದಳು, ನಿನಗೆ ಭಾರ ಆಗುತ್ತೆ ಎಂದು. ಮುಂದಿನ ವರ್ಷ ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ ಆಸ್ಟಿನ್ನಿನಲ್ಲಿ ತೀರಿಕೊಂಡಳು. ಹೊಂದುವ ಕಿಡ್ನಿಗೆ ಕಾಯುವವರ ಸರದಿಯಲ್ಲಿ ಅವಳ ಹೆಸರು ಇನ್ನೂ ಹಿಂದೆಯೇ ಇತ್ತಂತೆ. ಮಧು ಹೋಗಿ ಬೂದಿ ತಂದ. ಪಾಸ್‌ಪೋರ್ಟು ಅದಕ್ಕೆ ಉಪಯೋಗವಾಯಿತು.

ವಸು ಬದುಕಿದ್ದಾಗಲೇ ಸುಧಾಳಿಗೆ ಫೋನ್ ಮಾಡಿ ನನ್ನ ಆರೋಗ್ಯದ ಬಗ್ಗೆ ಹೇಳಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ನನಗೆ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಸಾರು ಮಾಡುತ್ತಾರೆ. ಪ್ರೆಸ್ಸಿನಲ್ಲಿ ಮಧು ನನಗೆ ಕಾಗದದ ಕಟ್ಟು ಎತ್ತಲು ಬಿಡುವುದಿಲ್ಲ.

ಇದನ್ನು ಕೈಯಲ್ಲಿ ಬರೆದಿದ್ದೇನೆ. ಪ್ರವಾಸದ ಬಗ್ಗೆ ಬರೆದುಕೊಡಿ ಎಂದ ಪತ್ರಿಕೆಯವರು ಟೈಪು ಮಾಡಿ ಕಳಿಸಿ ಎಂದಿದ್ದಾರೆ. ನನಗೆ ಅಚ್ಚುಮೊಳೆ ಬರುತ್ತದೆ, ಕಂಪ್ಯೂಟರು ಬರುವುದಿಲ್ಲ. ನಮ್ಮಲ್ಲಿ ಆ ಕೆಲಸ ಮಧುವಿನದು. ನಾಳೆ ಬೆಳಿಗ್ಗೆ ಪ್ರೆಸ್ಸು ತೆಗೆದ ಮೇಲೆ ಈ ಹಾಳೆಗಳನ್ನು ಅವನ ಮೇಜಿನ ಮೇಲೆ ಇಡುತ್ತೇನೆ. ಅವನು ಒಂದೊಂದೇ ಅಕ್ಷರ ಒತ್ತುತ್ತಾ ಬರುತ್ತಾನೆ. ನಾನು ಎದುರಿಗೇ ಕೂತಿರುತ್ತೇನೆ.